ಅತ್ತೆ ನನ್ನ ಬೆಂಚಿಗೆ ಬಂದದ್ದು

ಊರೂರಿಗೂ ಆ ದೊಡ್ಡ ಜ್ವರ ಹಬ್ಬಿ ಹೋದ ಮರುವರ್ಷದ ಮಾತು. ನಿಜಾಮರ ಕಾಲ. ಕಲಬುರಗಿಗೆ ಆಗ ಎಲ್ಲರೂ ಗುಲಬರ್ಗಾ ಎನ್ನುತ್ತಿದ್ದರು. ನನ್ನ ತವರು ಕಮಲಾಪುರ, ನಮ್ಮದು ಪ್ರಾಟೆಸ್ಟಂಟ್ ಸಭೆ. ಮದುವೆಯಾಗಿ ಬಂದದ್ದು ಗುಲಬರ್ಗಾದಲ್ಲಿ ರೈಲ್ವೆ ಕೆಲಸದ ಕ್ಯಾಥೊಲಿಕ್ ಮನೆಗೆ. ಸಂಬಂಧ ಕೂಡಿಸುವಾಗ ಹಿರಿಯರು, "ಯೇಸುಸ್ವಾಮಿ ಒಬ್ಬನ ಅಲ್ಲೇನು, ತಗೀರಿ ಅತ್ತಾಗ" ಎಂದು ಸುಲಭವಾಗಿ ಅಂದುಬಿಟ್ಟರು. ಭಾನುವಾರಗಳ ಪಾಡು ಮಾತ್ರ ನನಗೇ ಗೊತ್ತು.

ಗಂಡನ ಚರ್ಚಿನಲ್ಲಿ ಪೂಜೆಯ ಕೊನೆಗೆ ಎಲ್ಲರೂ ಎದ್ದು ಸತ್ಪ್ರಸಾದಕ್ಕೆ, ಫಾದರ್ ಕೊಡುವ ಪ್ರಭುವಿನ ರೊಟ್ಟಿಗೆ, ಹೋಗುತ್ತಿದ್ದರು. ಬೇರೆ ಸಭೆಯವಳೆಂದು ನನಗೆ ಅದಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು ನೋಡುತ್ತಿದ್ದೆ. ತಲೆತುಂಬ ಸೆರಗು ಹೊದ್ದ ಅತ್ತೆ ಮುಂದೆ ಹೋಗುತ್ತ ಹೋಗುತ್ತ ಧೂಪದ ಹೊಗೆಯಲ್ಲಿ ಮಸುಕಾಗಿಬಿಡುತ್ತಿದ್ದರು. ಅತ್ತೆ ಬಲು ಬಿಗಿ, ನಾನು ಅವರಿಗೆ ಅಂಜುತ್ತಿದ್ದೆ. ಸತ್ಪ್ರಸಾದದ ದಿನ ಗುಟುಕು ನೀರೂ ಮುಟ್ಟದೆ ಹೋಗುವವರು. "ನಿಮ್ಮ ಮಾವ ಹೋದಮ್ಯಾಲೆ ನನ್ನ ಹಿಡಿದು ನಿಲ್ಲಿಸಿದ್ದು ಇದೊಂದ ನೋಡು" ಎಂದು ಒಮ್ಮೆ ಹೇಳಿದ್ದರು.

ಚಳಿಗಾಲದಲ್ಲಿ ಕಮಲಾಪುರದಿಂದ ಸುದ್ದಿ ಬಂತು, ನನ್ನ ಅವ್ವ ಉಳಿಯುವುದಿಲ್ಲವೆಂದು. ಗಂಡನಿಗೆ ರಜೆ ಸಿಗಲಿಲ್ಲ. ನಾನು ಅಳುತ್ತ ಕೂತಿದ್ದೆ. "ಅತ್ತರ ಏನ್ ಬಂತು? ನಡಿ, ನಾ ಬರ್ತೀನಿ" ಎಂದರು ಅತ್ತೆ.

ನಸುಕಿನಲ್ಲೇ ಚಕ್ಕಡಿ ಹೊರಟಿತು. ಕೋಟೆಯ ಗೋಡೆ ಮಂಜಿನಲ್ಲಿ ಅರ್ಧ ಇತ್ತು, ಅರ್ಧ ಇರಲಿಲ್ಲ. ದಾರಿಯುದ್ದಕ್ಕೂ ನಿದ್ದೆ ಬಂದು ಬಂದು ಹೋಗುತ್ತಿತ್ತು. ಎತ್ತಿನ ಗೆಜ್ಜೆಯ ಸದ್ದು ಕೇಳಿ ಚರ್ಚಿನ ಗಂಟೆಯೆಂದುಕೊಂಡು ಎಚ್ಚರಾಗುತ್ತಿದ್ದೆ. ಎಚ್ಚರಾದಾಗಲೆಲ್ಲ ನನ್ನ ತಲೆ ಅತ್ತೆಯ ತೊಡೆಯ ಮೇಲಿರುತ್ತಿತ್ತು. ಯಾವಾಗ ಹಾಗೆ ಮಲಗಿದೆನೋ ತಿಳಿಯದು. ಕಮಲಾಪುರ ಮುಟ್ಟುವಾಗ ಸಂಜೆಯ ಬಿಸಿಲು ಬಾಳೆಯ ತೋಟದ ಮೇಲಿತ್ತು, ಕೆಂಪು ಗೊನೆಗಳು ಒಳಗಿನಿಂದಲೇ ಬೆಳಗುತ್ತಿವೆಯೇನೋ ಅನ್ನಿಸಿತು.

ಮರುದಿನ ಬೆಳಿಗ್ಗೆ ನಮ್ಮ ಪಾಸ್ಟರ್ ಅಯ್ಯನವರು ಅವ್ವನಿಗೆ ಕರ್ತನ ಭೋಜನ ಕೊಡಲು ಬಂದರು. ನಮ್ಮ ಕಡೆ ಜೋಳದ ರೊಟ್ಟಿಯ ಚೂರು, ಒಣದ್ರಾಕ್ಷಿ ಕಿವುಚಿದ ನೀರು, ಅಷ್ಟೇ. ಪ್ರಾರ್ಥನೆ ಮುಗಿಸಿ ಅಯ್ಯನವರು ಅವ್ವನ ಅಂಗೈಯಲ್ಲಿ ಚೂರು ಇಟ್ಟರು. ಅವ್ವ ತಿನ್ನಲಿಲ್ಲ. ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಅತ್ತೆ ಜಪಸರ ಹಿಡಿದು ನಿಂತಿದ್ದರು.

"ಬೀಗತಿ ಬಂದಾರ" ಎಂದಳು ಅವ್ವ. "ಅವರು ಬಾಯಿಗೆ ಹಾಕ್ಕೊಳ್ಳದ ನಾ ಹ್ಯಾಂಗ ಹಾಕ್ಕೊಳ್ಳಲಿ?"

ಅಯ್ಯೋ ದೇವರೇ! ಬೀಗರು ಮನೆಗೆ ಬಂದಾಗ ಅವರಿಗೆ ಬಡಿಸದೆ ಅವ್ವ ಎಂದೂ ತುತ್ತು ಎತ್ತಿದವಳಲ್ಲ. ಸಾಯುವ ಹೊತ್ತಿಗೂ ಅದನ್ನು ಬಿಡಲಿಲ್ಲ.

"ಅವ್ವಾರ, ಅವರ ಚರ್ಚಿನವ್ರು ಇದಕ್ಕ ಒಪ್ಪಂಗಿಲ್ರೀ. ನೀವು ತೊಗೋರಿ" ಎಂದು ಅಯ್ಯನವರು ಮೆಲ್ಲಗೆ ಹೇಳಿದರು. ಅವ್ವ ತುಟಿ ಬಿಗಿಹಿಡಿದಳು. ಪ್ರಭುವಿನ ರೊಟ್ಟಿ ತಿನ್ನದೆಯೇ ಹೋಗಿಬಿಡುತ್ತಾಳೇನೋ ಎಂದು ನನಗೆ ಭಯವಾಯಿತು. ಅತ್ತೆಯನ್ನು ಕೇಳುವ ಹಾಗೂ ಇರಲಿಲ್ಲ. ಇಲ್ಲಿ ತಿಂದರೆ ಅಲ್ಲಿ ಅವರಿಗೆ ಸತ್ಪ್ರಸಾದ ಸಿಕ್ಕೀತೇ?

ಅತ್ತೆ ಜಪಸರವನ್ನು ಸೊಂಟಕ್ಕೆ ಸಿಕ್ಕಿಸಿ, ಅವ್ವ ಮಲಗಿದ್ದ ಹೊರಸಿನ ಪಕ್ಕ ನೆಲದ ಮೇಲೆ ಕೂತು ಎರಡೂ ಕೈ ಒಡ್ಡಿದರು.

"ಕೊಡ್ರಿ ಅಯ್ಯನವರ. ಬೀಗತೀನ ಎಷ್ಟೊತ್ತು ಕಾಯಸ್ತೀರಿ?"

ಅಯ್ಯನವರು ತಡವರಿಸಿದರು, ಆದರೆ ಕೊಟ್ಟರು. ಅತ್ತೆ ಬಾಯಿಗೆ ಹಾಕಿಕೊಂಡರು. "ಹಾಂ, ಈಗ ಚಲೋ ಆತು" ಎಂದು ಅವ್ವ ನಕ್ಕು ತನ್ನದನ್ನು ತಿಂದಳು. ನಾನೂ ತಿಂದೆ. ಹೊರಗೆ ಬಾಳೆ ಎಲೆಗಳ ಸದ್ದು ಬರುತ್ತಿತ್ತು. ಇದು ಕನಸಿರಬೇಕೆಂದು ನಾನು ಹೊರಸಿನ ಕಾಲನ್ನು ಮುಟ್ಟಿ ನೋಡಿಕೊಂಡೆ. ಆ ವಾರವೇ ಅವ್ವ ತೀರಿಕೊಂಡಳು.

ಗುಲಬರ್ಗಾಕ್ಕೆ ಮರಳಿದ ಮೇಲೆ ಅತ್ತೆ ಫಾದರ್ ಬಳಿ ಪಾಪನಿವೇದನೆಗೆ ಹೋಗಿಬಂದರು. ಏನಾಯಿತೆಂದು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಭಾನುವಾರ ಎಂದಿನಂತೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮುಂದೆ ಕೂಡುವ ಅತ್ತೆ ನನ್ನ ಬಳಿ ಬಂದು ನಿಂತರು.

"ಜರಾ ಸರಿ ಅತ್ತಾಗ."

ಜನ ಸತ್ಪ್ರಸಾದಕ್ಕೆ ಎದ್ದರು. ಅತ್ತೆ ಏಳಲಿಲ್ಲ. "ಅತ್ತಿ, ಹೋಗ್ರಿ" ಎಂದು ಪಿಸುಗುಟ್ಟಿದೆ.

"ತಪ್ಪಾತು ಅನ್ನು, ಕೊಡ್ತೀನಿ ಅಂದ್ರು ಫಾದರ್" ಎಂದರು ಅವರು. "ನಿಮ್ಮವ್ವನ ಮುಂದ ಕೂತು ತಿಂದದ್ದಕ್ಕ ತಪ್ಪಾತು ಅನ್ನಾಕ ನನ್ನ ಬಾಯಿ ಏಳವಲ್ದು. ಸುಮ್ನ ಕೂಡು."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೆರಗಿನ ಮರೆಯಲ್ಲಿ ನನ್ನ ಕೈ ಹಿಡಿದುಕೊಂಡರು. ಆಮೇಲೆ ಎಷ್ಟೋ ವರ್ಷ ಆ ಬೆಂಚಿನಲ್ಲಿ ನಾವಿಬ್ಬರೇ ಕೂತೆವು.

ಅತ್ತೆ ಈಗಿಲ್ಲ. ಚರ್ಚಿನಲ್ಲಿ ಜನ ಎದ್ದು ಮುಂದೆ ನಡೆದಾಗ ನಾನು ಈಗಲೂ ಬೆಂಚಿನ ತುದಿಗೆ ಜರುಗಿ ಕೂತು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಡುತ್ತೇನೆ.