ಅಟ್ಟದ ಮೇಲೆ ನವಲಗುಂದ

ಸಕಲೇಶಪುರದಲ್ಲಿ ನಾನು ಮೊದಲು ಕಂಡ ಹೆಂಗಸು ಒಂದು ಒಣ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದುಕೊಂಡು ನಿಂತಿದ್ದಳು. ಬಸ್ಸಿನಿಂದ ಇಳಿದು ಟ್ರಂಕಿನ ಮೇಲೆ ಕೂತು, ಕೂಲಿಯವನನ್ನು ಹುಡುಕಲು ಹೋದ ಯಜಮಾನರಿಗಾಗಿ ಕಾಯುತ್ತಿದ್ದೆ. ಎದುರಿಗೇ ಒಂದು ಕಿರಾಣಿ ಅಂಗಡಿ. ಆಕೆ ಮೂಟೆಯಿಂದ ಎತ್ತಿಕೊಂಡ ಕಾಯಿಯನ್ನು ಕಿವಿಯ ಬಳಿ ಪಟ್ಟೆಂದು ಮುರಿದಳು, ತಲೆಯಾಡಿಸಿದಳು, ಇನ್ನೊಂದನ್ನು ಎತ್ತಿಕೊಂಡಳು. ಅಂಗಡಿಯ ಸಾಹೇಬರು ಒಂದಿಷ್ಟೂ ಬೇಸರವಿಲ್ಲದೆ ನೋಡುತ್ತಿದ್ದರು. ಎಂಥ ಹುಚ್ಚರ ಊರಿಗೆ ಬಂದೆನಪ್ಪಾ ಎಂದುಕೊಂಡೆ.

ನಮ್ಮ ನವಲಗುಂದದ ಕಡೆಯ ಹೆಂಗಸರೇ, ಇದನ್ನು ಕೇಳಿದರೆ ನೀವು ನಗುತ್ತೀರಿ, ನನಗೆ ಗೊತ್ತು. ನಾವು ಮೆಣಸಿನಕಾಯಿಯನ್ನು ಕಣ್ಣಿನಿಂದ ನೋಡುತ್ತೇವೆ, ಮೂಗಿನಿಂದ ನೋಡುತ್ತೇವೆ, ಅಂಗಡಿಯವನೊಂದಿಗೆ ಒಂದು ತಾಸು ವಾದ ಮಾಡುತ್ತೇವೆ. ಕಿವಿಯಿಂದ ಕೇಳುವುದಿಲ್ಲ. ನಮ್ಮ ಬಿಸಿಲಿನಲ್ಲಿ ಒಣಗದ ಮೆಣಸಿನಕಾಯಿಯಾದರೂ ಎಲ್ಲಿದೆ?

ರಾಜ್ಯಗಳು ಒಂದಾದ ಮೇಲೆ ಆ ಕಡೆಯ ನೌಕರರನ್ನು ಈ ಕಡೆಗೂ ಈ ಕಡೆಯವರನ್ನು ಆ ಕಡೆಗೂ ಹಾಕತೊಡಗಿದ್ದು ನಿಮಗೆ ಗೊತ್ತೇ ಇದೆ. ನಮ್ಮ ಯಜಮಾನರು ರಸ್ತೆಯ ಓವರ್ಸೀಯರ್. ಅವರನ್ನು ಘಟ್ಟದ ರಸ್ತೆಗೆ ಹಾಕಿದರು. ಅವರ ಬಿಡಾರ ಮಾರನಹಳ್ಳಿಯಲ್ಲಿ, ನನ್ನ ಸಂಸಾರ ಸಕಲೇಶಪುರದ ಪೇಟೆಬೀದಿಯ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೋಗಿಬಿಡುತ್ತಿದ್ದರು. ಉಳಿದ ದಿನ ನಾನು, ಗೋಡೆ, ಮತ್ತು ಪಕ್ಕದ ಮನೆಯ ಪುಟ್ಟಮ್ಮ. ವಾಪಸು ವರ್ಗ ಕೇಳಿ ಅರ್ಜಿ ಹಾಕಿದ್ದೇನೆ, ಮಳೆಗಾಲದೊಳಗೆ ಊರು ಸೇರುತ್ತೇವೆ ಎಂದು ಯಜಮಾನರು ಹೇಳಿದ್ದರು. ನಾನು ಅದನ್ನೇ ಹಿಡಿದು ಕೂತೆ. ಟ್ರಂಕಿನಿಂದ ನಾಲ್ಕು ಸೀರೆ ಹೊರತೆಗೆದೆ, ಅಷ್ಟೇ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಬಂದು ನಿಂತರೆ ಕಣ್ಣು ಹೋದಷ್ಟು ದೂರ ಕಪ್ಪು ಮಣ್ಣಿನ ಎರಿ ಹೊಲ. ಇಲ್ಲಿ ಯಾವ ಕಡೆ ತಿರುಗಿದರೂ ಒಂದು ಗುಡ್ಡ ಮುಂದೆ ಬಂದು ನಿಲ್ಲುತ್ತದೆ. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಹಾಸನದ ಬಸ್ಸು ಹೊರಡುವುದನ್ನು ನೋಡಿ ಮನೆಗೆ ಬರುತ್ತಿದ್ದೆ. ಊಟವೂ ಅಷ್ಟೇ, ಮೂರು ಹೊತ್ತೂ ಅಕ್ಕಿ. ಪುಟ್ಟಮ್ಮ ಅಕ್ಕರೆಯಿಂದ ಅಕ್ಕಿರೊಟ್ಟಿ ತಂದುಕೊಟ್ಟರೆ ಚೆನ್ನಾಗಿದೆ ಎನ್ನುತ್ತಿದ್ದೆ, ಆಮೇಲೆ ಜೋಳದ ರೊಟ್ಟಿಯನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಾತಿನಲ್ಲಿ ಅಂಥ ಕಷ್ಟವಿರಲಿಲ್ಲ. ಆಕೆ 'ಐತೆ' ಎಂದರೆ ನಾನು 'ಐತಿ' ಎನ್ನುತ್ತಿದ್ದೆ. ಆದರೂ ನಾನು 'ರೀ' ಎಂದಾಗಲೆಲ್ಲ ಆಕೆಯ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿಯುತ್ತಿದ್ದರು.

ಇನ್ನು ಅಂಗಡಿಯ ವಿಷಯ. ಊರಿನಿಂದ ಬರುವ ಪ್ರತಿ ಕಾಗದದಲ್ಲೂ ನಮ್ಮ ಅಣ್ಣನ ಹೆಂಡತಿ, ವೈನಿಯವರು, ಕೇಳುವುದು ಒಂದೇ: ಅಲ್ಲಿ ತುಟ್ಟಿಯೋ ಅಗ್ಗವೋ? ಪೇಟೆಬೀದಿಯಲ್ಲಿ ನನಗೆ ಎರಡು ಅಂಗಡಿಗಳು. ಒಂದು ಸಹಕಾರದವರದ್ದು, ಎಲ್ಲರ ಬಾಯಲ್ಲಿ ಅದು ಸೊಸೈಟಿ. ದರವನ್ನು ಹಲಗೆಯ ಮೇಲೆ ಬರೆದಿರುತ್ತಾರೆ, ವಾದಕ್ಕೆ ಜಾಗವಿಲ್ಲ, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಗುಮಾಸ್ತ ಉಸಿರು ಬಿಡುವುದಿಲ್ಲ. ತೂಕದ ಮೇಲೆ ಒಂದಿಷ್ಟು ಕೊಸರು ಕೇಳಿದರೆ ಹಲಗೆ ತೋರಿಸುತ್ತಾನೆ. ಇನ್ನೊಂದು, ಬಂದ ದಿನ ಕಂಡೆನಲ್ಲ, ಇಬ್ರಾಹಿಂ ಸಾಹೇಬರದ್ದು. ಅಲ್ಲಿ ಕೊಸರೂ ಉಂಟು, ಕುಶಲ ಪ್ರಶ್ನೆಯೂ ಉಂಟು, ಆದರೆ ಪ್ರತಿ ಸಾಮಾನೂ ಸೊಸೈಟಿಗಿಂತ ತುಟ್ಟಿ. ಮೆಣಸಿನಕಾಯಿಯಂತೂ ಸೊಸೈಟಿಯ ದರಕ್ಕೆ ಅರ್ಧ ಸೇರಿಸಿದಷ್ಟು.

ನಾನು ಸುಮ್ಮನಿರುವವಳಲ್ಲ. ಎರಡನೆಯ ವಾರವೇ ಕೇಳಿಬಿಟ್ಟೆ: "ಏನ್ರೀ ಸಾಹೇಬ್ರ, ಅದ ಪ್ಯಾಟಿ, ಅದ ಮೆಣಸಿನಕಾಯಿ. ನಿಮ್ಮಲ್ಲಿ ಯಾಕ ಇಷ್ಟು ತುಟ್ಟಿ?"

ಸಾಹೇಬರು ಘಟ್ಟದ ಕೆಳಗಿನವರು, ಮಂಗಳೂರಿನ ಕಡೆಯವರು. ಹರೆಯದಲ್ಲೇ ಗಾಡಿಯ ಜೊತೆ ಮೇಲೆ ಬಂದು ಇಲ್ಲಿಯೇ ನಿಂತವರು. "ಹತ್ತು ಸೇರು ಹೊಗೆ ಅಟ್ಟಕ್ಕೆ ಹಾಕಿದ್ರೆ ಒಣಗಿ ಒಂಬತ್ತು ಸೇರು ಕೆಳಗೆ ಇಳೀತದೆ ಅಮ್ಮ. ಆ ಒಂದು ಸೇರು ಬೆಂಕಿಗೆ ಹೋಯ್ತು. ಅದನ್ನು ಯಾರು ಕೊಡೋದು?" ಎಂದರು.

"ಬೆಂಕಿಗೆ ನಾ ಯಾಕ ರೊಕ್ಕ ಕೊಡ್ಲಿ?" ಎಂದು ಚೀಲ ಮಡಚಿಕೊಂಡು ಸೊಸೈಟಿಗೆ ನಡೆದೆ. ಅಂದಿನಿಂದ ಸಾಹೇಬರ ಅಂಗಡಿಯ ಮುಂದೆ ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದೆ.

ಬೇಸಿಗೆ ಮುಗಿಯುತ್ತ ಬಂದಂತೆ ಊರಿಗೆ ಊರೇ ಓಡಾಡತೊಡಗಿತು. ಇಲ್ಲಿ ಮಳೆಗಾಲದ ಸಾಮಾನು ಎಂದು ಒಂದಿದೆ. ಅಕ್ಕಿ, ಬೇಳೆ, ಉಪ್ಪು, ಬೆಲ್ಲ, ಮೆಣಸಿನಕಾಯಿ, ಎಲ್ಲವನ್ನೂ ನಾಲ್ಕು ತಿಂಗಳಿಗಾಗುವಷ್ಟು ಮೃಗಶಿರ ಮಳೆ ಹಿಡಿಯುವ ಮೊದಲೇ ತುಂಬಿಕೊಳ್ಳುವುದು. ತೋಟದ ಸಾಹುಕಾರರಿಂದ ಹಿಡಿದು ಎಸ್ಟೇಟಿನ ಲೈನ್ ಮನೆಯ ಆಳುಗಳವರೆಗೆ ಎಲ್ಲರೂ ಅವರವರ ಕೈಲಾದಷ್ಟು ತುಂಬುತ್ತಾರೆ. ಪುಟ್ಟಮ್ಮ ದಿನಾ ಬೆಳಿಗ್ಗೆ ಬೇಲಿಯ ಆಚೆಯಿಂದ ಕೇಳುವಳು: "ಯಾಕಕ್ಕ, ಇನ್ನೂ ಸಾಮಾನು ತಂದಿಲ್ವಾ? ಮಳೆ ಹಿಡ್ಕಂಡ್ರೆ ಆಚೆ ಕಾಲಿಡಕ್ಕಾಗಲ್ಲ ಕಣಕ್ಕ."

"ಮಳಿ ಬರೂದ್ರಾಗ ನಾವು ಊರಿಗೆ ಹೊಂಟೀವ್ರಿ," ಎನ್ನುತ್ತಿದ್ದೆ.

ನಾಲ್ಕು ತಿಂಗಳ ಸಾಮಾನು ತಂದಿಟ್ಟರೆ ನಾಲ್ಕು ತಿಂಗಳು ಇರುತ್ತೇನೆ ಎಂದು ಒಪ್ಪಿಕೊಂಡಂತೆ. ನಾನು ಒಪ್ಪಲು ತಯಾರಿರಲಿಲ್ಲ. ವಾರಕ್ಕಾಗುವಷ್ಟನ್ನೇ ಸೊಸೈಟಿಯಿಂದ ತರುತ್ತಿದ್ದೆ. ಒಂದನ್ನು ಮಾತ್ರ ಹೆಚ್ಚು ತಂದೆ: ಮೆಣಸಿನಕಾಯಿ. ನಮ್ಮಲ್ಲಿ ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟದ ಮನೆಯುಂಟೇ? ಊರಿಗೆ ಒಯ್ಯಲು ಇಲ್ಲಿಂದಲೇ ಕುಟ್ಟಿಕೊಂಡು ಹೋಗೋಣ ಎಂದು, ಅಗ್ಗದಲ್ಲಿ ಸಿಕ್ಕ ಸೊಸೈಟಿಯ ಕಾಯಿ ತಂದೆ. ಕೆಂಪಗೆ, ದಪ್ಪಗೆ, ಕೈಯಲ್ಲಿ ಹಿಡಿದರೆ ಭಾರ. ನನಗೆ ಅದೇ ಹೆಚ್ಚುಗಾರಿಕೆಯಾಗಿ ಕಂಡಿತು. ಪುಟ್ಟಮ್ಮನ ಒರಳಿನಲ್ಲಿ ಎರಡು ದಿನ ಕುಟ್ಟಿ, ಡಬ್ಬಿಗೆ ಒತ್ತಿ ತುಂಬಿ, ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟೆ. ಕಾಯಿ ಪಟ್ಟೆನ್ನುವುದಿಲ್ಲವಲ್ಲ ಎಂದು ಪುಟ್ಟಮ್ಮ ಒಮ್ಮೆ ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಳೆ ಬಂತು. ಅದರ ವರ್ಣನೆ ನಾನು ಮಾಡುವುದಿಲ್ಲ, ನೀವು ನಂಬುವುದೂ ಇಲ್ಲ. 'ಹೊಳವಾಯಿತು' ಎಂದು ಇಲ್ಲಿಯವರು ಒಂದು ಮಾತು ಆಡುತ್ತಾರೆ, ಮಳೆ ಸ್ವಲ್ಪ ಬಿಡುವು ಕೊಟ್ಟಿತು ಎಂದು ಅರ್ಥ. ಹದಿನೈದು ದಿನ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ವರ್ಗದ ಹುಕುಮೂ ಬರಲಿಲ್ಲ. ಮಾರನಹಳ್ಳಿಯ ಆಚೆ ಗುಡ್ಡ ಜರಿದು, ಮಣ್ಣು ತೆಗೆಸುವ ಕೆಲಸದಲ್ಲಿ ಯಜಮಾನರು ಎರಡು ಶನಿವಾರ ಮನೆಗೆ ಬರಲಿಲ್ಲ. ಮನೆಯೊಳಗೆ ಉಪ್ಪು ನೀರಾಯಿತು, ಬೆಲ್ಲ ಅಂಟಾಯಿತು. ಒಂದು ಮಧ್ಯಾಹ್ನ ಒಣ ಸೀರೆ ಬೇಕೆಂದು ಟ್ರಂಕು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಡಬ್ಬಿಯ ಮುಚ್ಚಳ ತೆಗೆದೆ. ಖಾರದ ಮೇಲೆ ಬೆರಳು ದಪ್ಪ ಬೂಷ್ಟು ಬಂದಿತ್ತು. ಸೀರೆಗಳಿಗೂ ಹತ್ತಿತ್ತು. ಊರಿಗೆ ಒಯ್ಯಬೇಕಿದ್ದ ಖಾರವನ್ನು ನಾನೇ ಹಿತ್ತಿಲಿಗೆ ಒಯ್ದು ಸುರಿದೆ.

ಸೊಸೈಟಿಗೆ ಹೋದರೆ ಗುಮಾಸ್ತ ಖಾಲಿ ಗೋಣಿಚೀಲಗಳ ನಡುವೆ ಕೈಕಟ್ಟಿ ನಿಂತಿದ್ದ. "ಆಲೂರಿಂದ ಈಚೆ ರಸ್ತೆಗೆ ಹಳ್ಳ ನುಗ್ಬುಟ್ಟೈತೆ ಕಣಮ್ಮ. ಲಾರಿ ಅಲ್ಲೇ ನಿಂತೈತೆ." ಅವನ ಮೇಲೆ ರೇಗಬೇಕೆನಿಸಿತು. ಆದರೆ ಅವನದೇನು ತಪ್ಪು? ತೂಕದಲ್ಲಿ ಒಂದು ಗುಲಗಂಜಿಯಷ್ಟು ಮೋಸ ಮಾಡಿದವನಲ್ಲ. ಮೆಣಸಿನಕಾಯಿ ಕುಡಿದಿದ್ದ ನೀರನ್ನೂ ನ್ಯಾಯವಾಗಿಯೇ ತೂಗಿ ಕೊಟ್ಟಿದ್ದ.

ಮನೆಯಲ್ಲಿ ಎರಡು ದಿನದ ಅಕ್ಕಿ ಇತ್ತು. ಮುಖ ಗಟ್ಟಿ ಮಾಡಿಕೊಂಡು ಸಾಹೇಬರ ಅಂಗಡಿಯ ಮೆಟ್ಟಿಲು ಹತ್ತಿದೆ. ಏನಾದರೂ ಅನ್ನುತ್ತಾರೆಂದು ಕಾದೆ, ಅವರು ಅನ್ನಲಿಲ್ಲ. "ನೆನೆದು ಹೋಗಿದ್ದೀರಿ ಮಾರಾಯ್ರೆ. ಒಳಗೆ ಹೋಗಿ, ಬೆಂಕಿ ಉಂಟು," ಎಂದು ಹೆಂಡತಿಯನ್ನು ಕೂಗಿದರು.

ಖತೀಜಮ್ಮ ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನೆಲದ ಮೇಲೆ ಕಾಫಿ ಕೊಂಬೆಯ ಬೆಂಕಿ ಸಣ್ಣಗೆ ಹೊಗೆಯಾಡುತ್ತಿತ್ತು. ಮೇಲೆ ಕೈಗೆಟಕುವಷ್ಟು ಎತ್ತರದಲ್ಲಿ ಬಿದಿರಿನ ಅಟ್ಟ. ಅಟ್ಟದ ತುಂಬ ಮೂಟೆಗಳು. ಮನೆಯಲ್ಲಿ ಹೊಗೆಯ ಅಟ್ಟ ಇಲ್ಲದವರ ಮಳೆಗಾಲದ ಸಾಮಾನನ್ನು ಸಾಹೇಬರೇ ಇಟ್ಟುಕೊಂಡು ಬೇಕಾದಾಗ ಇಳಿಸಿ ಕೊಡುತ್ತಾರಂತೆ. ಒಂದೊಂದು ಮೂಟೆಯ ಮೇಲೂ ಇದ್ದಿಲಿನಲ್ಲಿ ಹೆಸರು: ಪೋಸ್ಟ್ ಮಾಸ್ಟರ್, ಟೈಲರ್, ರೈಟರ್ ಮನೆ. ತಲೆ ಒರೆಸಿಕೊಳ್ಳುತ್ತ ಓದುತ್ತ ಹೋದೆ. ಕೊನೆಯ ಮೂಟೆಯ ಮೇಲೆ ಬರೆದಿತ್ತು: ನವಲಗುಂದ.

ಅಣ್ಣ ಊರಿನಿಂದ ಏನೋ ಕಳಿಸಿದ್ದಾನೆ ಎಂದುಕೊಂಡೆ. ಇಷ್ಟು ದಿನವಾದರೂ ಯಾರೂ ಹೇಳಲಿಲ್ಲವಲ್ಲ ಎಂದುಕೊಂಡೆ. "ನಮ್ಮೂರಿಂದ ಬಂದದ್ದೇನ್ರೀ ಇದು?" ಎಂದು ಕೂಗಿಯೇಬಿಟ್ಟೆ.

ಖತೀಜಮ್ಮ ಆಶ್ಚರ್ಯದಿಂದ ನೋಡಿದರು. "ಊರಿಂದ ಅಲ್ಲ, ಇಲ್ಲಿದ್ದೇ. ನಿಮ್ಮ ಯಜಮಾನ್ರು ಬೇಸಿಗೆಯಲ್ಲೇ ಬಂದು ಹೇಳಿ ಇಡಿಸಿದ್ದಲ್ವಾ? ನಾಲ್ಕು ತಿಂಗಳದ್ದು. ಅವಳಾಗಿ ಬರೋವರೆಗೆ ಏನೂ ಹೇಳ್ಬೇಡಿ ಅಂದಿದ್ರು."

ಬೇಸಿಗೆಯಲ್ಲೇ. ನಾನು ಪುಟ್ಟಮ್ಮನಿಗೆ ಊರಿಗೆ ಹೊರಟಿದ್ದೇವೆ ಎನ್ನುತ್ತಿದ್ದಾಗಲೇ. ಖಾರ ಕುಟ್ಟುತ್ತಿದ್ದಾಗಲೇ. ನಾವು ಹೋಗುವುದಿಲ್ಲ ಎಂಬುದು ಪೇಟೆಗೆಲ್ಲ ಗೊತ್ತಿತ್ತು, ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು, ಅಳುವೂ ಬಂತು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಹೇಳಿ ಅತ್ತುಬಿಟ್ಟೆ. ಖತೀಜಮ್ಮ ಬೆಂಕಿಗೆ ಇನ್ನೊಂದು ಕೊಂಬೆ ಇಟ್ಟರು.

ಮೂಟೆಯೊಳಗೆ ಎಲ್ಲವೂ ಇತ್ತು, ಬೇರೆ ಬೇರೆ ಗಂಟು ಕಟ್ಟಿ. ತಳದಲ್ಲಿ ಎರಡು ಸೇರು ಜೋಳವೂ ಇತ್ತು. ಯಜಮಾನರೇ ಯಾರೋ ಲಾರಿಯವನಿಗೆ ಹೇಳಿ ಹುಬ್ಬಳ್ಳಿಯ ಕಡೆಯಿಂದ ತರಿಸಿದ್ದರಂತೆ. ಮೆಣಸಿನಕಾಯಿಯ ಗಂಟು ಬಿಚ್ಚಿ ಒಂದನ್ನು ಎತ್ತಿಕೊಂಡೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಿವಿಗೆ ಹಿಡಿದು ಮುರಿದೆ. ಪಟ್ಟೆಂದಿತು.

ಮುಂದಿನ ಶನಿವಾರ ಹೊಳವಾಯಿತು. ಯಜಮಾನರು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದರು. ನಾನು ತಟ್ಟೆಯಲ್ಲಿ ಜೋಳದ ರೊಟ್ಟಿ ಇಟ್ಟೆ. ಅವರು ರೊಟ್ಟಿ ನೋಡಿದರು, ನನ್ನನ್ನು ನೋಡಿದರು.

"ಅರ್ಜಿ ಏನಾತ್ರೀ?" ಎಂದೆ.

"ಯುಗಾದಿ ಮುಂದ ತಿರುಗಿ ಬಂತು. ಮೂರು ವರ್ಷ ಕೇಳಬ್ಯಾಡ ಅಂದ್ರು."

"ನನಗ ಯಾಕ ಹೇಳ್ಲಿಲ್ಲ?"

"ನೀ ದಿನಾ ಬಸ್ಸು ನೋಡಾಕ ಹೋಗ್ತಿ ಅಂತ ಗೊತ್ತಿತ್ತು," ಎಂದರು. "ಹೇಳಿದ್ರ ಹತ್ತಿ ಹೋಗಿಬಿಡ್ತಿ ಅಂತ ಅಂಜಿಕಿ ಆತು."

ಹತ್ತಿ ಹೋಗುತ್ತಿದ್ದೆನೇ? ಹೋಗುತ್ತಿದ್ದೆ. ಅದನ್ನೇ ಹೇಳಿದೆ. ಅವರು ತಲೆತಗ್ಗಿಸಿಕೊಂಡು ರೊಟ್ಟಿ ತಿಂದರು. ನಾನೂ ತಿಂದೆ. ರೊಟ್ಟಿಗೆ ಕಾಫಿ ಕೊಂಬೆಯ ಹೊಗೆಯ ವಾಸನೆ ಇತ್ತು. ಮೊದಲ ತುತ್ತಿಗೆ ಬೇಸರವಾಯಿತು. ಮೂರನೆಯ ರೊಟ್ಟಿಗೆ ಅಷ್ಟು ಬೇಸರವಾಗಲಿಲ್ಲ.

ದೀಪಾವಳಿಗೆ ನಾನೊಬ್ಬಳೇ ಊರಿಗೆ ಬಂದೆ. ನವಲಗುಂದದ ಪೇಟೆಯಲ್ಲಿ ವೈನಿಯವರೊಂದಿಗೆ ಸಂತೆ ಮಾಡುವಾಗ, ನನಗೇ ಗೊತ್ತಿಲ್ಲದೆ ಮೆಣಸಿನಕಾಯಿಯನ್ನು ಕಿವಿಗೆ ಹಿಡಿದು ಮುರಿದೆ. ಅಂಗಡಿಯವನು ಬಾಯಿಬಿಟ್ಟು ನೋಡಿದ. "ಹೌದವಾ, ಏನಂತೈತದು?" ಎಂದು ವೈನಿಯವರು ನಕ್ಕರು. "ನಮ್ಮಲ್ಲಿ ಹಿಂಗ ನೋಡ್ತಾರ್ರೀ," ಎಂದೆ. ನಮ್ಮಲ್ಲಿ ಎಂದದ್ದು ಕೇಳಿ ಅವರ ನಗು ನಿಂತಿತು. ನನ್ನದೂ ನಿಂತಿತು. ಎಂಟು ದಿನ ಇರಲು ಬಂದವಳು ಐದನೆಯ ದಿನಕ್ಕೆ ಚಡಪಡಿಸತೊಡಗಿದೆ. ಬಾಗಿಲಿಗೆ ಬಂದು ನಿಂತರೆ ಕಣ್ಣಿಗೆ ಒಂದು ಗುಡ್ಡವೂ ಅಡ್ಡ ಬರುತ್ತಿರಲಿಲ್ಲ.

ಹಾಗಾದರೆ ವೈನಿಯವರ ಪ್ರಶ್ನೆಗೆ ಉತ್ತರವೇನು? ಸಕ್ಕರೆ, ಸೋಪು, ಸೀಮೆಎಣ್ಣೆಗೆ ಕಣ್ಣುಮುಚ್ಚಿ ಸೊಸೈಟಿಗೆ ಹೋಗಿ. ಬೇಸಿಗೆಯಲ್ಲಿ ಬೇಳೆಯನ್ನೂ ಅಲ್ಲೇ ತನ್ನಿ, ನಾಲ್ಕು ಕಾಸು ಉಳಿಯುತ್ತದೆ, ಉಳಿಸುವುದರಲ್ಲಿ ನಾಚಿಕೆಯೇನಿದೆ? ಆದರೆ ತೇವಕ್ಕೆ ಹೆದರುವ ಸಾಮಾನನ್ನು ಸಾಹೇಬರಲ್ಲೇ ಕೊಳ್ಳಿ. ಅವರ ತುಟ್ಟಿಯಲ್ಲಿ ಬೆಂಕಿ ಕಾದವರ ಕೂಲಿಯಿದೆ. ಇದು ಇಲ್ಲೇ ಇರುವವರಿಗೆ ಹೇಳುವ ಮಾತು. ಹೋಗುವವರಿಗೆ ವಾರದ ಚೀಲ ಸಾಕು. ನಾನು ಎರಡರಲ್ಲಿ ಯಾರು ಎಂಬುದು ಈಗಲೂ ನನಗೆ ಸರಿಯಾಗಿ ತಿಳಿದಿಲ್ಲ.

ಈ ಬೇಸಿಗೆಯಲ್ಲಿ ನಾನೇ ಸಾಹೇಬರ ಅಂಗಡಿಗೆ ಹೋದೆ. "ನಮ್ಮ ಮೂಟಿ ಇಡ್ರಿ. ಆದ್ರ ಎರಡ ತಿಂಗಳಿಂದು ಸಾಕು. ಅರ್ಧ ಮೂಟಿ."

"ವರ್ಗ ಆಯ್ತಾ ಅಮ್ಮ?"

"ಇಲ್ರಿ."

ಸಾಹೇಬರು ಒಳಗಿನ ಅಟ್ಟದ ಕಡೆ ನೋಡಿದರು. "ಇಡ್ಬಹುದು. ಆದ್ರೆ ಅರ್ಧ ಮೂಟೆ ತಾನಾಗಿ ನಿಲ್ಲೋದಿಲ್ಲ ಅಮ್ಮ, ಬಿದ್ದು ಹೋಗ್ತದೆ. ಪಕ್ಕದ ಮೂಟೆಗೆ ಒರಗಿಸ್ಬೇಕಾಗ್ತದೆ."

"ಒರಗಿಸಿಡ್ರಿ," ಎಂದೆ.

ಸಾಹೇಬರು ಇದ್ದಿಲು ಹುಡುಕಿ, ಖಾಲಿ ಗೋಣಿಚೀಲವನ್ನು ಮೊಣಕಾಲ ಮೇಲೆ ಹರವಿಕೊಂಡು, ನನ್ನನ್ನು ಕೇಳದೆಯೇ ನವಲಗುಂದ ಎಂದು ಬರೆದರು.