ಪತ್ರದ ವೆಂಕಟಸ್ವಾಮಿಯವರು ಕಾದಂಬರಿ ಓದಿದ್ದು

ರಾಜಾಜಿನಗರದಲ್ಲಿ ಆಗಿನ್ನೂ ನೆರಳು ಕೊಡುವಷ್ಟು ಮರ ಬೆಳೆದಿರಲಿಲ್ಲ. ರಸ್ತೆ ಇತ್ತು, ಮೋರಿ ಇತ್ತು, ಸೈಟಿನ ಗಡಿಕಲ್ಲುಗಳಿದ್ದವು, ಒಂದೊಂದು ಕಲ್ಲಿಗೂ ಒಂದೊಂದು ತಕರಾರಿತ್ತು. ಆ ತಕರಾರುಗಳ ದೆಸೆಯಿಂದ ಅನ್ನ ಕಂಡವರಲ್ಲಿ ವೆಂಕಟಸ್ವಾಮಿಯವರೂ ಒಬ್ಬರು. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಒಂದು ಹೊಂಗೆಮರ, ಅದರ ಕೆಳಗೆ ಒಂದು ಚಾಪೆ, ಚಾಪೆಯ ಮೇಲೆ ಒಂದು ಇಳಿಜಾರು ಡೆಸ್ಕು. ಅಲ್ಲಿ ಕೂತು ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳನ್ನು ಬರೆದು ಬರೆದು ಅವರಿಗೆ ‘ಪತ್ರದ ವೆಂಕಟಸ್ವಾಮಿ’ ಎಂದೇ ಹೆಸರಾಗಿತ್ತು. ಅವರ ಪತ್ರದಲ್ಲಿ ಒಂದು ಕಾಮಾ ತಪ್ಪಾಗಿದೆ ಎಂದು ಯಾವ ವಕೀಲನೂ ಹೇಳಿದ್ದಿಲ್ಲ, ಏಕೆಂದರೆ ಅವರು ಕಾಮಾ ಹಾಕುತ್ತಲೇ ಇರಲಿಲ್ಲ. ಐವತ್ತೆರಡು ವರ್ಷದ ಆಯುಸ್ಸಿನಲ್ಲಿ ಛಾಪಾ ಕಾಗದದ ಮೇಲಲ್ಲದ ಬರಹವನ್ನು ಅವರು ಓದಿದ್ದು ಅಪರೂಪ. ದಿನಪತ್ರಿಕೆಯನ್ನು ಕೂಡ ಹರಾಜಿನ ನೋಟೀಸಿಗಾಗಿ ಮಾತ್ರ ನೋಡುತ್ತಿದ್ದರು.

ಇಂಥವರು ಒಂದು ತಿಂಗಳಲ್ಲಿ ನಲವತ್ತಮೂರು ಪುಸ್ತಕ ಓದಬೇಕಾಗಿ ಬಂದದ್ದು ನಮ್ಮ ವಾಚನಾಲಯದ ಕೃಪೆ. ಕಾಫಿಪುಡಿ ಅಂಗಡಿಯ ಪಕ್ಕದ ಒಂದು ಕೋಣೆ ಅದು. ನಾನು ಅದರ ಜಂಟಿ ಕಾರ್ಯದರ್ಶಿ. ಅಂದರೆ ಬೀಗದ ಕೈ ನನ್ನ ಹತ್ತಿರ, ಕಸಪೊರಕೆಯೂ ನನ್ನ ಹತ್ತಿರ. ಅಧ್ಯಕ್ಷರು ಕೇತಮಾರನಹಳ್ಳಿಯ ಬೈರಯ್ಯನವರು. ಕೋಣೆ ಅವರದು, ಬೆಂಚು ಅವರದು, ಆದ್ದರಿಂದ ಸಾಹಿತ್ಯವೂ ಅವರದು ಎಂದು ಸಮಿತಿ ಒಪ್ಪಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಹೆಂಗಸರ ಹೊತ್ತು. ಸ್ಕೂಲಿನ ಅಂಬುಜಾ ಟೀಚರು ಹಟ ಹಿಡಿದು ಶುರುಮಾಡಿಸಿದ್ದು. ಟೀಚರನ್ನು ಬಿಟ್ಟು ಏಳು ಜನ ಬರುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಹೆಚ್ಚು ಓದುವವರು ಮುನಿಲಕ್ಷ್ಮಮ್ಮ, ನಮ್ಮ ವೆಂಕಟಸ್ವಾಮಿಯವರ ಹೆಂಡತಿ. ಮನೆಯಲ್ಲಿ ಭಜನೆಗೆ ಹೋಗುತ್ತೇನೆ ಎಂದು ಹೇಳಿ ಬರುತ್ತಿದ್ದರು. ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರಂತೆ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಓದು ಬರುತ್ತದೆ ಎಂಬ ಸಂಗತಿ ಗಂಡನಿಗೆ ಗೊತ್ತಿರಲಿಲ್ಲ. ಇದನ್ನು ನಂಬದವರು ತಮ್ಮ ಮನೆಯ ಅಜ್ಜಿಯರನ್ನು ವಿಚಾರಿಸಿ ನೋಡಬಹುದು. ನಾನೂ ಬಾಯಿ ಬಿಟ್ಟಿರಲಿಲ್ಲ. “ವಾರದಲ್ಲಿ ನಂದು ಅಂತ ಇರೋದು ಈ ಎರಡು ಗಂಟೆ ಕಣಪ್ಪ. ಇದೊಂದು ಉಳಿದ್ರೆ ಸಾಕು” ಎಂದು ಒಮ್ಮೆ ಅವರು ನನಗೆ ಹೇಳಿದ್ದರು.

ಅದಕ್ಕೆ ಕುತ್ತು ಬಂದದ್ದು ೧೯೫೮ರಲ್ಲಿ. ಬೈರಯ್ಯನವರ ಸೊಸೆ ಒಲೆಯ ಮುಂದೆ ಕೂತು ವಾಚನಾಲಯದ ಕಾದಂಬರಿ ಓದುತ್ತಿರುವಾಗ ಮುದ್ದೆಯ ಹಿಟ್ಟು ತಳ ಹತ್ತಿತು. ಬೈರಯ್ಯನವರು ಆ ಪುಸ್ತಕವನ್ನು ಕಿತ್ತುಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು. ಅವರು ತೆರೆದ ಪುಟದಲ್ಲೇ ದೀಪ ಆರಿಹೋಗಿ, ಕತ್ತಲಲ್ಲಿ ನಾಯಕ ನಾಯಕಿಯ ಕೈ ಹಿಡಿದಿದ್ದ. ಮಾರನೆಯ ದಿನವೇ ಸಮಿತಿ ಸೇರಿತು. “ಪ್ರೇಮ ಮತ್ತು ಕತ್ತಲೆ ಇರುವ ಪುಸ್ತಕಗಳಿಂದ ಸಂಸಾರಸ್ಥ ಹೆಂಗಸರು ಕೆಡುತ್ತಾರೆಯೇ ಎಂದು ವಿಚಾರಿಸತಕ್ಕದ್ದು. ಕೆಡುವುದು ಖಚಿತವಾದಲ್ಲಿ ಹೆಂಗಸರ ಹೊತ್ತನ್ನು ನಿಲ್ಲಿಸತಕ್ಕದ್ದು” ಎಂದು ಠರಾವು ಆಯಿತು. ವಿಚಾರಿಸುವವರು ಯಾರು ಎಂದಾಗ ಸದಸ್ಯರೆಲ್ಲ ಕಿಟಕಿಯ ಕಡೆ ನೋಡಿದರು. ಪ್ರೇಮದ ಪುಸ್ತಕ ಓದಿ ಹೆಸರು ಕೆಡಿಸಿಕೊಳ್ಳುವುದು ಯಾರಿಗೂ ಬೇಡವಾಗಿತ್ತು. ಅವರಲ್ಲಿ ಅರ್ಧ ಮಂದಿ ಅವನ್ನೆಲ್ಲ ಆಗಲೇ ಓದಿ ಮುಗಿಸಿದ್ದರು. ರಿಜಿಸ್ಟರು ನನ್ನ ಹತ್ತಿರವೇ ಇತ್ತು.

“ಪತ್ರದ ವೆಂಕಟಸ್ವಾಮಿಗೆ ಹೇಳಿ” ಎಂದರು ಬೈರಯ್ಯನವರು. “ಕಾಗದದಲ್ಲಿ ಎಂಥ ಮೋಸ ಇದ್ರೂ ಹಿಡೀತಾನೆ.”

ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಠರಾವಿನಲ್ಲಿ ಪ್ರೇಮ, ಕತ್ತಲೆ ಎರಡೂ ಇದ್ದವಲ್ಲ, ಎರಡರಲ್ಲಿ ಯಾವುದು ಕಂಡರೂ ಎತ್ತಿಟ್ಟೆ. ಇಪ್ಪತ್ತಾರು ಕಾದಂಬರಿ ಸಿಕ್ಕವು. ಅವುಗಳ ಜೊತೆಗೆ ಸೂರ್ಯಗ್ರಹಣದ ಪುಸ್ತಕ, ಚಿನ್ನದ ಗಣಿಯೊಳಗಿನ ಕೆಲಸದ ಪುಸ್ತಕ, ಆರು ತಿಂಗಳು ಸೂರ್ಯ ಹುಟ್ಟದ ದೇಶಗಳ ಪ್ರವಾಸ, ಒಬ್ಬ ಡಾಕ್ಟರು ಬರೆದ ದಾಂಪತ್ಯದ ಪುಸ್ತಕ, ಕಣ್ಣು ಕಳೆದುಕೊಂಡ ಸಂಗೀತದ ಮೇಷ್ಟರೊಬ್ಬರ ಆತ್ಮಕಥೆ, ಹೀಗೆ ಇನ್ನು ಹದಿನೇಳು. ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ತುಂಬಿ ವೆಂಕಟಸ್ವಾಮಿಯವರ ಜಗಲಿಯ ಮೇಲೆ ಇಳಿಸಿ ಬಂದೆ. ಒಳಗಿನಿಂದ ಮುನಿಲಕ್ಷ್ಮಮ್ಮ ಚೀಲವನ್ನು ನೋಡಿದರು, ನನ್ನನ್ನು ನೋಡಿದರು.

ವೆಂಕಟಸ್ವಾಮಿಯವರಿಗೆ ಓದುವುದೆಂದರೆ ಪತ್ರ ತಿದ್ದುವುದು. ಮೊದಲನೆಯ ಕಾದಂಬರಿಯ ಬಗ್ಗೆ ಅವರು ಕೊಟ್ಟ ವರದಿ ಹೀಗಿತ್ತು: “ನಾಯಕನ ತಂದೆಯ ಹೆಸರು, ಕಸುಬು, ವಾಸಸ್ಥಳ ನಮೂದಿಸಿರುವುದಿಲ್ಲ. ನಾಯಕಿಯ ಮನೆಗೆ ಚೆಕ್ಕುಬಂದಿ ಇಲ್ಲ. ನಾಲ್ಕು ದಿಕ್ಕಿಗೆ ಯಾರ ಸ್ವತ್ತಿದೆ ಎಂದು ತಿಳಿಯುವುದಿಲ್ಲ. ಎಂಬತ್ತನೇ ಪುಟದಲ್ಲಿ ಪ್ರಾಣವನ್ನೇ ಕೊಡುತ್ತೇನೆಂದು ಬಾಯಿಮಾತಿನಲ್ಲಿ ಹೇಳಿರುತ್ತಾನೆ. ಸಾಕ್ಷಿಗಳಿಲ್ಲ. ಕೋರ್ಟಿನಲ್ಲಿ ನಿಲ್ಲುವುದಿಲ್ಲ.” ಗಣಿಯ ಪುಸ್ತಕದ ಬಗ್ಗೆ ಬರೆದದ್ದು: “ಕತ್ತಲೆ ಹೇರಳವಾಗಿದೆ. ಪ್ರೇಮ ಕಂಡುಬಂದಿಲ್ಲ. ಎಲ್ಲರೂ ಗಂಡಸರು.” ಗ್ರಹಣದ ಪುಸ್ತಕಕ್ಕೆ ಒಂದೇ ಸಾಲು: “ಸದರಿ ಕತ್ತಲೆಯು ಎಂಟು ನಿಮಿಷಕ್ಕೆ ಮೀರುವುದಿಲ್ಲ, ಹೆಂಗಸರು ಕೆಡಲು ಸಮಯ ಸಾಲದು.” ಇದನ್ನು ಅವರು ತಮಾಷೆಗೆ ಬರೆದದ್ದಲ್ಲ.

ಹನ್ನೊಂದನೆಯ ಪುಸ್ತಕದಲ್ಲಿ ಪೆಟ್ಟು ಬಿತ್ತು. ಅಂದು ಮನೆಯಲ್ಲಿ ನಡೆದದ್ದನ್ನು ಮುಂದೆ ಮುನಿಲಕ್ಷ್ಮಮ್ಮನವರೇ ನನಗೆ ಹೇಳಿದರು. ಭಾನುವಾರ ಊಟವಾದ ಮೇಲೆ ವೆಂಕಟಸ್ವಾಮಿಯವರು ಜಗಲಿಯಲ್ಲಿ ಕೂತು ಓದುತ್ತಿದ್ದರು. ಇವರು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಈ ಹೆಣ್ಣು ಇದ್ದಕ್ಕಿದ್ದಂಗೆ ಎಲ್ಲಿ ಹೋದ್ಲು? ದಾಖಲೇನೇ ಇಲ್ವಲ್ಲ” ಎಂದು ಅವರು ತಮ್ಮಷ್ಟಕ್ಕೆ ಗೊಣಗಿದರು.

“ಅಣ್ಣನ ಮನೆಗೆ ಹೋದ್ಲು” ಎಂದರು ಇವರು. “ನೀವು ಎರಡು ಹಾಳೆ ಒಟ್ಟಿಗೆ ಮಗುಚಿದೀರಿ. ಹಿಂದಕ್ಕೆ ಹೋಗಿ ನೋಡಿ.”

ವೆಂಕಟಸ್ವಾಮಿಯವರು ಹಿಂದಕ್ಕೆ ಹೋದರು. ಹಾಳೆಗಳು ಅಂಟಿಕೊಂಡಿದ್ದವು. ಬಿಡಿಸಿ ಓದಿದರು. ನಾಯಕಿ ಅಣ್ಣನ ಮನೆಗೆ ಹೋಗಿದ್ದಳು. ಇನ್ನೂ ಅರ್ಧ ಪುಟ ಓದಿದ ಮೇಲೆ ಅವರ ತಲೆ ನಿಧಾನವಾಗಿ ಬಾಗಿಲ ಕಡೆ ತಿರುಗಿತು.

“ನಿಂಗೆ ಯಾರು ಹೇಳಿದ್ರು?”

“ಓದಿದ್ದೆ. ಶನಿವಾರ ಭಜನೆ ಅಂತ ಹೋಗ್ತಿದ್ದದ್ದು ವಾಚನಾಲಯಕ್ಕೆ.”

“ಓದೋಕೆ ಯಾವಾಗ ಕಲಿತೆ?”

“ನಾಯಂಡಹಳ್ಳೀಲಿ ಮೂರನೇ ಕ್ಲಾಸಿನ ತನಕ ಹೋಗಿದ್ದೆ. ಓದಿದ ಹುಡುಗಿ ಅಂದ್ರೆ ಗಂಡು ಸಿಗಲ್ಲ, ಬಾಯಿ ಬಿಡಬೇಡ ಅಂದಿದ್ಲು ನಮ್ಮವ್ವ. ಆಮೇಲೆ ನೀವೂ ಕೇಳ್ಲಿಲ್ಲ.”

ಬೇರೆ ಗಂಡಸಾಗಿದ್ದರೆ ಭಜನೆಯ ಸುಳ್ಳಿಗೆ ಕೂಗಾಡುತ್ತಿದ್ದನೇನೋ. ವೆಂಕಟಸ್ವಾಮಿಯವರಿಗೆ ನೆನಪಾದದ್ದು ಬೇರೆ. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಎಂದು ಕಾನೂನು ಬಂದ ಮೇಲೆ ಅವರ ಹೊಂಗೆಮರದ ಕೆಳಗೆ ಅಕ್ಕತಂಗಿಯರ ಸಾಲು ನಿಂತಿತ್ತು. ಅಣ್ಣತಮ್ಮಂದಿರು ಅವರನ್ನು ಕರೆತಂದು, ಪಾಲು ಬೇಡವೆಂದು ಹಕ್ಕು ಬಿಡುಗಡೆ ಪತ್ರ ಬರೆಸಿ, ಹೆಬ್ಬೆಟ್ಟು ಒತ್ತಿಸಿ, ಒಂದು ಸೀರೆ ಕೊಟ್ಟು ಕಳಿಸುತ್ತಿದ್ದರು. ಹಿಂದಿನ ವರ್ಷ ಮಾವ ತೀರಿಕೊಂಡಾಗ ಭಾವಮೈದ ಮುನಿರಾಮಯ್ಯನೂ ಬಂದ. ಪತ್ರ ಬರೆದವರು ವೆಂಕಟಸ್ವಾಮಿಯವರೇ. ಹೆಬ್ಬೆಟ್ಟು ಹೆಂಡತಿಯದು.

“ಹಂಗಾದ್ರೆ ಹೋದ ವರ್ಷದ ಪತ್ರ?”

“ಓದಿದ್ದೆ. ನೀವು ಮಸಿ ಹುಡುಕೋ ಹೊತ್ತಿಗೆ ಎರಡು ಸಲ ಓದಿ ಮುಗಿಸಿದ್ದೆ.”

“ಮತ್ತೆ ಯಾಕೆ ಒತ್ತಿದೆ?”

“ಅಣ್ಣನಿಗೆ ಕೊಡೋಕೆ ನಂಗೇನೂ ಬೇಜಾರಿರ್ಲಿಲ್ಲ” ಎಂದರು ಮುನಿಲಕ್ಷ್ಮಮ್ಮ. “ಕೊನೇಲಿ ‘ಓದಿ ಹೇಳಲಾಗಿ ಕೇಳಿ ತಿಳಿದು ಸ್ವಸಂತೋಷದಿಂದ ಒಪ್ಪಿ’ ಅಂತ ಬರೆದಿದ್ರಲ್ಲ, ಅದಕ್ಕೆ ಬೇಜಾರಾಯ್ತು. ನೀವು ಓದಿ ಹೇಳ್ಲೇ ಇಲ್ಲ.”

ಆ ಸಾಲನ್ನು ಅವರು ಸಾವಿರಾರು ಪತ್ರಗಳಲ್ಲಿ ಬರೆದಿದ್ದರು. ಗಂಡಸರಿಗೆ ಓದಿ ಹೇಳುತ್ತಿದ್ದರು. ಹೆಂಗಸರಾದರೆ ಜೊತೆಗೆ ಬಂದವನು ಕೇಳಿಸಿಕೊಂಡರೆ ಆಯಿತು ಎಂಬುದು ರೂಢಿ. ಅದು ತಪ್ಪೆಂದು ಕಚೇರಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅವರಿಗೂ ಅನ್ನಿಸಿರಲಿಲ್ಲ. ಅಂದು ಅವರಿಗೆ ನಾಚಿಕೆಯಾಯಿತು. ಕೋಪವೂ ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಪುಸ್ತಕ ಮುಚ್ಚಿ ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದರು. ಎಮ್ಮೆಗೆ ಆಗಲೇ ಒಮ್ಮೆ ಹಾಕಿಯಾಗಿತ್ತು.

ಅಲ್ಲಿಂದ ಮುಂದೆ ಅವರ ವರದಿಗಳ ಧಾಟಿ ಬದಲಾಯಿತು. ಡಾಕ್ಟರ ದಾಂಪತ್ಯದ ಪುಸ್ತಕದ ಬಗ್ಗೆ “ವಿಷಯ ತಡವಾಗಿ ತಿಳಿದುಬಂದಿದೆ” ಎಂದಷ್ಟೇ ಬರೆದರು. ಒಂದು ದಿನ ಸಂಗೀತದ ಮೇಷ್ಟರ ಆತ್ಮಕಥೆ ಹಿಡಿದುಕೊಂಡು ವಾಚನಾಲಯಕ್ಕೇ ಬಂದರು. ಕಣ್ಣು ಹೋದ ಮೇಲೆ ಆ ಮೇಷ್ಟರಿಗೆ ಹೆಂಡತಿ ಇಪ್ಪತ್ತು ವರ್ಷ ದಿನವೂ ಪತ್ರಿಕೆ ಓದಿ ಹೇಳಿದಳಂತೆ. ನಿನಗೆ ಏನು ಓದಬೇಕು ಅನ್ನಿಸುತ್ತದೆ ಎಂದು ಒಂದು ದಿನವೂ ತಾನು ಕೇಳಲಿಲ್ಲ ಎಂದು ಮೇಷ್ಟರು ಬರೆದುಕೊಂಡಿದ್ದರು.

“ಇದು ಕಟ್ಟಿದ ಕಥೇನೋ, ನಡೆದಿದ್ದೋ?” ಎಂದು ವೆಂಕಟಸ್ವಾಮಿಯವರು ನನ್ನನ್ನು ಕೇಳಿದರು.

“ನಡೆದಿದ್ದು ಸಾರ್. ಅವರ ಸ್ವಂತ ಜೀವನ.”

“ಹಂಗಾದ್ರೆ ಕಷ್ಟ” ಎಂದು ಹೇಳಿ ಹೊರಟುಹೋದರು. ಆ ಪುಸ್ತಕದ ವರದಿಯಲ್ಲಿ “ಗಂಡಸರಿಗೆ ಕಡ್ಡಾಯ ಮಾಡತಕ್ಕದ್ದು” ಎಂದಿತ್ತು.

ತಿಂಗಳು ಮುಗಿದು ಸಮಿತಿ ಮತ್ತೆ ಸೇರಿತು. ಬೈರಯ್ಯನವರಿಗೆ ಉದ್ದ ವರದಿ ಕೇಳುವ ತಾಳ್ಮೆ ಇರಲಿಲ್ಲ. “ಒಂದೇ ಮಾತು ಹೇಳಪ್ಪ. ಕೆಡ್ತಾರೋ, ಇಲ್ವೋ?”

“ನನ್ನ ಹೆಂಡ್ತಿ ನಲವತ್ತಮೂರನ್ನೂ ಓದಿದಾಳೆ” ಎಂದರು ವೆಂಕಟಸ್ವಾಮಿಯವರು. “ನನಗಿಂತ ಮೊದಲೇ ಓದಿದಾಳೆ. ಏನೂ ಕೆಟ್ಟಿಲ್ಲ.”

ಇಷ್ಟು ಜನರ ಮುಂದೆ ಹೆಂಡತಿಯ ಬಗ್ಗೆ ಹೀಗೆ ಹೇಳಿಕೊಂಡವರು ನಮ್ಮ ಬ್ಲಾಕಿನಲ್ಲಿ ಅವರೊಬ್ಬರೇ. ಬೈರಯ್ಯನವರು ಮೀಸೆ ತೀಡಿ ಯೋಚಿಸಿ ರಾಜಿ ಸೂಚಿಸಿದರು: ಹೆಂಗಸರ ಹೊತ್ತು ಇರಲಿ, ಆದರೆ ಪ್ರತಿಯೊಬ್ಬಳೂ ಗಂಡನ ಒಪ್ಪಿಗೆ ಪತ್ರ ತರಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮುಂದಿನ ಶನಿವಾರ ಆರು ಒಪ್ಪಿಗೆ ಪತ್ರಗಳು ಬಂದವು. ಆರೂ ವೆಂಕಟಸ್ವಾಮಿಯವರ ಕೈಬರಹ. ಅಂಬುಜಾ ಟೀಚರಿಗೆ ಮದುವೆಯಾಗಿರಲಿಲ್ಲ, ಅವರ ಒಪ್ಪಿಗೆ ಯಾರು ಕೊಡಬೇಕೆಂಬುದು ಸಮಿತಿಗೆ ಹೊಳೆದಿರಲಿಲ್ಲ, ನಾವು ಯಾರೂ ನೆನಪಿಸಲೂ ಇಲ್ಲ. ಏಳನೆಯವರಾದ ಮುನಿಲಕ್ಷ್ಮಮ್ಮ ಬರಲಿಲ್ಲ. ಗಂಡ ಅವರಿಗೂ ಒಪ್ಪಿಗೆ ಪತ್ರ ಬರೆದು ಕೈಗೆ ಕೊಟ್ಟಿದ್ದರಂತೆ. ಅವರು ಓದಿ, ಮಡಿಸಿ, ವಾಪಸು ಕೊಟ್ಟು, “ಮೂವತ್ತು ವರ್ಷ ನಿಮ್ಮನ್ನ ಕೇಳ್ದೆ ಓದಿದೀನಿ. ಇನ್ಮೇಲೆ ಕೇಳಿ ಓದಲ್ಲ” ಎಂದರಂತೆ.

ಅದರ ಮುಂದಿನ ಶನಿವಾರವೂ ಅವರ ಜಾಗ ಖಾಲಿ. ಟೀಚರು ಅವರಿಗೆಂದು ಎರಡು ಪುಸ್ತಕ ಎತ್ತಿಟ್ಟು ಐದು ಗಂಟೆಯವರೆಗೆ ಬಾಗಿಲು ನೋಡಿದರು. ನಾನು ಏನೂ ಮಾಡಲಿಲ್ಲ. ಜಂಟಿ ಕಾರ್ಯದರ್ಶಿಗಳು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ.

ಮೂರನೆಯ ಶನಿವಾರ ಗಂಡಹೆಂಡಿರು ಒಟ್ಟಿಗೆ ಬಂದರು. ವೆಂಕಟಸ್ವಾಮಿಯವರು ರಿಜಿಸ್ಟ್ರಿ ದಿನದ ಕೋಟು ಹಾಕಿಕೊಂಡಿದ್ದರು. ಬೈರಯ್ಯನವರು ಒಪ್ಪಿಗೆ ಪತ್ರಗಳನ್ನು ತಪಾಸಣೆ ಮಾಡಲು ಬಂದು ಕೂತಿದ್ದರು. ಅವರ ಮುಂದೆ ವೆಂಕಟಸ್ವಾಮಿಯವರು ಒಂದು ಛಾಪಾ ಕಾಗದ ಇಟ್ಟರು.

ಅದು ಒಪ್ಪಿಗೆ ಪತ್ರವಲ್ಲ, ಹಕ್ಕು ಬಿಡುಗಡೆ ಪತ್ರ. ತನ್ನ ಧರ್ಮಪತ್ನಿ ಮುನಿಲಕ್ಷ್ಮಮ್ಮನವರ ಓದಿನ ಮೇಲೆ ತನಗೆ ಇದೆಯೆಂದು ತಾನು ಇದುವರೆಗೆ ತಿಳಿದಿದ್ದ ಸಕಲ ಹಕ್ಕುಗಳನ್ನೂ ಸದರಿಯವರಿಗೇ ಬಿಟ್ಟುಕೊಟ್ಟಿರುವುದಾಗಿಯೂ, ಇನ್ನು ಮುಂದೆ ತನಗಾಗಲಿ ತನ್ನ ಕಡೆಯವರಿಗಾಗಲಿ ಯಾವ ವಾಚನಾಲಯ ಸಮಿತಿಗಾಗಲಿ ಅದರಲ್ಲಿ ಹಕ್ಕು ಬಾಧ್ಯತೆ ಇರುವುದಿಲ್ಲವೆಂದೂ ಬರೆದಿತ್ತು. ಚೆಕ್ಕುಬಂದಿಯೂ ಇತ್ತು: ಪೂರ್ವಕ್ಕೆ ಪ್ರೇಮ, ಪಶ್ಚಿಮಕ್ಕೆ ಕತ್ತಲೆ, ಉತ್ತರಕ್ಕೆ ಅಂಬುಜಾ ಟೀಚರ ಮೇಜು, ದಕ್ಷಿಣಕ್ಕೆ ರಸ್ತೆ. ಬೈರಯ್ಯನವರಿಗೆ ದೇವರ ಮೇಲೆ ಭಕ್ತಿ, ಛಾಪಾ ಕಾಗದದ ಮೇಲೆ ಭಯ. ಮೇಲಿನ ಮುದ್ರೆಯನ್ನು ಬೆರಳಿನಿಂದ ಸವರಿ ನೋಡಿ, “ಸರ್ಕಾರಿ ಕಾಗದ, ನಾವೇನು ಮಾಡೋಕಾಗುತ್ತೆ” ಎಂದು ಪಕ್ಕಕ್ಕೆ ಸರಿಸಿದರು. ನಾನು ಸಾಕ್ಷಿ ಹಾಕಿದೆ.

ವೆಂಕಟಸ್ವಾಮಿಯವರು ಪೆನ್ನನ್ನು ಹೆಂಡತಿಯ ಕಡೆ ನೀಡಿದರು. ಅವರು ಪೆನ್ನು ಹಿಡಿಯಲಿಲ್ಲ. ಪತ್ರದ ಕೊನೆಯ ಸಾಲನ್ನು ತೋರಿಸಿದರು.

“ಇಲ್ಲಿ ‘ಉಭಯತ್ರರಿಗೂ ಓದಿ ಹೇಳಲಾಗಿ’ ಅಂತಿದೆ.”

“ಅದು ಬರೆಯೋ ರೂಢಿ. ಮನೇಲೇ ನೀನು ಓದಿದ್ಯಲ್ಲ.”

“ನಾನು ಓದಿದೀನಿ. ನೀವು ಓದಿ ಹೇಳಿ.”

ಟೀಚರೂ ಸೇರಿ ಏಳು ಜನ ಹೆಂಗಸರು, ಬೈರಯ್ಯನವರು, ನಾನು ನೋಡುತ್ತಿರುವಾಗ ವೆಂಕಟಸ್ವಾಮಿಯವರು ಕನ್ನಡಕ ಹಾಕಿಕೊಂಡು ನಿಂತು ಮೊದಲಿನಿಂದ ಓದಿದರು. ಇಸವಿ, ತಾರೀಖು, ತಂದೆಯ ಹೆಸರು, ಚೆಕ್ಕುಬಂದಿ, ಒಂದನ್ನೂ ಬಿಡಲಿಲ್ಲ. ಕಾಮಾಗಳಿಲ್ಲದ್ದರಿಂದ ಉಸಿರು ಕಟ್ಟಿತು. ಯಾರೂ ನಗಲಿಲ್ಲ. “ಓದಿ ಹೇಳಲಾಗಿ ಕೇಳಿ ತಿಳಿದು ಸ್ವಸಂತೋಷದಿಂದ” ಎನ್ನುವಲ್ಲಿ ಮುನಿಲಕ್ಷ್ಮಮ್ಮ ತಡೆದರು.

“ಸ್ವಸಂತೋಷದಿಂದ ಅನ್ನೋದು ನಿಜಾನಾ?”

ಇಷ್ಟು ವರ್ಷ ಪತ್ರ ಬರೆದರೂ ಆ ಪದದ ಬಗ್ಗೆ ವೆಂಕಟಸ್ವಾಮಿಯವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವರು ಕಾಗದ ನೋಡಿದರು, ಹೆಂಡತಿಯ ಮುಖ ನೋಡಿದರು.

“ಬರೆಯುವಾಗ ಅಷ್ಟೊಂದು ಗೊತ್ತಿರ್ಲಿಲ್ಲ” ಎಂದರು. “ಓದುವಾಗ ನಿಜ ಅನ್ನಿಸ್ತಾ ಇದೆ.”

ಮುನಿಲಕ್ಷ್ಮಮ್ಮ ಪೆನ್ನು ತೆಗೆದುಕೊಂಡು, ಎರಡು ಒತ್ತಕ್ಷರಗಳನ್ನೂ ಬಿಡದೆ, ತಮ್ಮ ಪೂರ್ತಿ ಹೆಸರು ಬರೆದರು.