ಅವ್ವ ಕಾಯ್ದ ಕುರಿಮರಿಗಳು

ಮಳೆಯಲ್ಲಿ ತೊಯ್ದ ಉಣ್ಣೆಯ ವಾಸನೆ ಬಂದರೆ ಸಾಕು, ಲಂಡನ್ನಿನ ಟ್ಯೂಬ್ ರೈಲಿನ ಗದ್ದಲದಲ್ಲೂ ನಾನು ಒಂಟಿಯಾಗಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾವು ಹ್ಯಾರೋದ ಅಂಚಿನಲ್ಲಿದ್ದೆವು. ಜೋಡಿಮನೆಗಳ ಸಾಲು ಮುಗಿದಲ್ಲಿ ಮಾರ್ಗರೆಟ್ ಎಂಬ ವಿಧವೆಯ ಸಣ್ಣ ಕುರಿ ಫಾರ್ಮ್ ಇತ್ತು. ಡಾಕ್ಟರಾಗಿದ್ದ ಅಪ್ಪ ಆಸ್ಪತ್ರೆಯಿಂದ ಬಂದು ಮಲಗುತ್ತಿದ್ದ, ಎದ್ದು ಮತ್ತೆ ಹೋಗುತ್ತಿದ್ದ. ಅವ್ವ ಏನು ಕೇಳಿದರೂ ನಾನು ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದೆ. ಧಾರವಾಡ ಬಿಟ್ಟು ಬಂದವಳಿಗೆ ಮಾತಿಗೆ ಯಾರೂ ಇರಲಿಲ್ಲ. ಅದಕ್ಕೇ ಇರಬೇಕು, ಒಂದು ದಿನ ಬೇಲಿಯ ಬಳಿ ನಿಂತು ಕುರಿಗಳ ಜೊತೆ ಮಾತಾಡತೊಡಗಿದಳು.

ಕುರಿಗಳು ಈಯುವ ಕಾಲಕ್ಕೆ ಕಾಗೆಗಳು ಬರುತ್ತಿದ್ದವು. ಊರಿನ ಕಾಗೆಗಳಂತೆ ಕತ್ತಿಗೆ ಬೂದುಬಣ್ಣವಿಲ್ಲ, ಕೊಕ್ಕಿನಿಂದ ಬಾಲದವರೆಗೂ ಕಪ್ಪು. ಮರಿ ಪೂರ್ತಿ ಹೊರಬರುವ ಮೊದಲೇ ಅದರ ಕಣ್ಣು ನಾಲಿಗೆಗಳನ್ನು ಕುಕ್ಕುತ್ತಿದ್ದವು. ಕುರುಡಾದ ಮರಿಯೊಂದನ್ನು ಮಾರ್ಗರೆಟ್ ಎದೆಗವಚಿಕೊಂಡು ನಿಂತದ್ದನ್ನು ಕಂಡು ಅವ್ವ ಅಂದಳು: “ನಮ್ಮ ಕಡೆ ರಣಹದ್ದು ದನ ಸತ್ತ ಮ್ಯಾಲ ಬರತಿದ್ವು. ಇವು ಹುಟ್ಟೂದ್ರಾಗನ ಬಂದ್ವಲ್ಲ!” ಮಾರ್ಗರೆಟ್ ಬಳಿ ಬಂದೂಕಿತ್ತು, ಆದರೆ ಅವಳ ಕಣ್ಣು ಮಂಜಾಗಿತ್ತು. ಮರುದಿನದಿಂದ ಅವ್ವ ಸೀರೆಯ ಮೇಲೆ ಅಪ್ಪನ ಓವರ್‌ಕೋಟು ಹಾಕಿ, ಸ್ಟೀಲಿನ ತಾಟು, ಚಮಚ ಹಿಡಿದು ಹೋಗತೊಡಗಿದಳು. ನೋವು ತಿನ್ನುವ ಕುರಿಯ ಪಕ್ಕ ಕೂತು, ಮರಿ ಎದ್ದು ಹಾಲು ಕುಡಿಯುವವರೆಗೂ ತಾಟು ಬಡಿಯುವಳು. ಆಮೇಲೆ ಇಬ್ಬರೂ ಸೇರಿ ತಾಯಿ ಮರಿಗಳನ್ನು ಕೊಟ್ಟಿಗೆಗೆ ಸೇರಿಸುವರು. ಒಬ್ಬಳದು ಕನ್ನಡ, ಇನ್ನೊಬ್ಬಳದು ಇಂಗ್ಲಿಷ್, ಕೆಲಸವೇನೂ ನಿಲ್ಲುತ್ತಿರಲಿಲ್ಲ.

ಆ ದಿನಗಳಲ್ಲೇ ಧಾರವಾಡದಿಂದ ಫೋನು ಬಂತು. ಅಜ್ಜ, ಅವ್ವನ ಅಪ್ಪ, ತೀರಿಕೊಂಡಿದ್ದ. ಟಿಕೆಟ್ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವ್ವ ಅಳಲಿಲ್ಲ. ಮಾವಂದಿರು ಅಲ್ಲಿ ಕಾಗೆಗೆ ಪಿಂಡ ಇಡುವ ದಿನ, ಇವಳು ಇಲ್ಲಿ ಅನ್ನಕ್ಕೆ ತುಪ್ಪ ಹಾಕಿ, ಫಾರ್ಮಿನ ಮೂಲೆಯ ಕಲ್ಲಿನ ಮೇಲಿಟ್ಟು ಕೈಮುಗಿದಳು. ಶಾಲೆಗೆ ರಜೆಯಿದ್ದು ನಾನೂ ಜೊತೆಗಿದ್ದೆ. ಅಷ್ಟರಲ್ಲಿ ಬೇಲಿಯ ಬಳಿ ಕುರಿಯೊಂದು ನರಳಿತು. ಕಾಗೆಯೊಂದು ಅನ್ನದ ಕಡೆ ತಿರುಗಿಯೂ ನೋಡದೆ ಅತ್ತ ಹಾರಿತು. ಅವ್ವ ಓಡಿದಳು, ತಾಟು ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು. ಆ ದಿನ ಕಾಗೆಯನ್ನು ಹೇಗೆ ಓಡಿಸುವುದು? ಮೊಣಕಾಲೂರಿ, ಕೋಟಿನ ಅಂಚನ್ನು ಮರಿಯ ತಲೆಯ ಮೇಲೆ ಹರವಿ, ಕಾಗೆಯನ್ನೇ ನೋಡುತ್ತ ಹೇಳಿದಳು:

“ಅಪ್ಪಾ, ನಿನಗ ಅಲ್ಲೆ ಅನ್ನಾ ಇಟ್ಟೇನಿ. ಇದನ್ನ ಮುಟ್ಟಬ್ಯಾಡ. ಈಗರ ಹುಟ್ಟಾಕತ್ತೈತಿ.”

ಕಾಗೆ ಕುಪ್ಪಳಿಸಿ ಇನ್ನೂ ಹತ್ತಿರ ಬಂತು. ಆಗ ಅವ್ವನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ತಾಟನ್ನು ಜೋರಾಗಿ ಬಡಿದಳು. ಕಾಗೆ ಮನೆಗಳ ಮೇಲೆ ಹಾರಿ ಮರೆಯಾಯಿತು. ಮಾರ್ಗರೆಟ್ ಬಂದು ಅವಳ ಪಕ್ಕ ಒದ್ದೆ ಹುಲ್ಲಿನಲ್ಲಿ ಕೂತಳು. ಮರಿ ಬದುಕಿತು. ಅನ್ನವನ್ನು ಸಂಜೆಯವರೆಗೂ ಯಾವ ಹಕ್ಕಿಯೂ ಮುಟ್ಟಲಿಲ್ಲ.

ಹತ್ತಾರು ವರ್ಷಗಳ ಮೇಲೆ ಮಾರ್ಗರೆಟ್ ತೀರಿಹೋದಳು. ಫಾರ್ಮ್ ಮಾರಾಟವಾಗಿ ಅಲ್ಲಿ ಮನೆಗಳೆದ್ದವು. ಅವ್ವ ಆ ರಸ್ತೆ ಬಿಟ್ಟು, ಸುತ್ತು ಹಾಕಿ ಅಂಗಡಿಗೆ ಹೋಗುತ್ತಿದ್ದಳು. ಈಗ ಅವಳೂ ಇಲ್ಲ. ಮೊನ್ನೆ ಆ ಮನೆಗಳ ಮುಂದೆ ಕಾರು ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ. ಯಾವುದೋ ಮನೆಯಿಂದ ಹೆಂಗಸೊಬ್ಬಳು ಬಂದು, ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಯಾರನ್ನೂ ಇಲ್ಲ ಎಂದೆ.